ಮಸುಕಿನ ಮೊಳೆ ನೀಲಿಯಾದದ್ದು

ಬೇರೆಲ್ಲ ಚಿತ್ರಭಂಡಾರಗಳಲ್ಲಿ ಮಸುಕಿನ ಮೊಳೆಯ ಬಣ್ಣ ಕೆಂಪು. ಬಾಗಲಕೋಟೆಯ ನವನಗರದ ಭಂಡಾರದಲ್ಲಿ ಮಾತ್ರ ನೀಲಿ. ಹೊರಗಿನಿಂದ ಬಂದ ತಂತ್ರಜ್ಞರು ಮೊದಲ ದಿನ ಪರದೆಯ ಮುಂದೆ ಕುಳಿತು ಕೆಂಪನ್ನು ಹುಡುಕಿ, ಕಾಣದೆ, ಪಕ್ಕದವರನ್ನು ಕೇಳುತ್ತಾರೆ. ಪಕ್ಕದವರು ಕೈಯ ಕೆಲಸ ಬಿಟ್ಟು, ಕುರ್ಚಿಯನ್ನು ಇತ್ತ ತಿರುಗಿಸಿಕೊಂಡು ಹೇಳುವ ಕಥೆ ಇದು. ಬಾಯಿಂದ ಬಾಯಿಗೆ ಇದು ಅಷ್ಟಿಷ್ಟು ಬದಲಾಗಿದೆ. ಕೆಲವರ ಪಾಠದಲ್ಲಿ ಮುದುಕಿ ಇಳಕಲ್ಲಿನವಳು, ಕೆಲವರದರಲ್ಲಿ ಕೆರೂರಿನವಳು. ಮುಧೋಳದ ಕಡೆಯವರು ಸ್ವಾಮಿಗಳನ್ನು ಕುದುರೆಯ ಮೇಲೆ ಕರೆತರುತ್ತಾರೆ. ಆದರೆ ಹಣೆಯನ್ನೂ ಕಿವಿಯನ್ನೂ ಬದಲಿಸಿ ಹೇಳಿದವರು ಇದುವರೆಗೆ ಸಿಕ್ಕಿಲ್ಲ.

ಆ ಕಾಲಕ್ಕೆ ಮನೆಗಳ ಗೋಡೆಯ ಮೇಲೆ ಕಾಗದದ ಫೋಟೊಗಳು ಉಳಿದಿರಲಿಲ್ಲ. ಜನ ತಮ್ಮ ಹಳೆಯ ಚಿತ್ರಗಳನ್ನು ಭಂಡಾರಕ್ಕೆ ತಂದು ಪ್ರತಿ ತೆಗೆಸಿಕೊಂಡಿದ್ದರು. ಪ್ರತಿಯೊಂದು ಚಿತ್ರಕ್ಕೂ ಅಲ್ಲಿ ಒಂದೇ ಒಂದು ಮೂಲ. ಗೋಡೆಗಳಲ್ಲಿ ತೂಗುತ್ತಿದ್ದವು ಬೆಳಕಿನ ಚೌಕಟ್ಟುಗಳು. ಬಾವಿ ಒಂದೇ, ಕೊಡ ಹಲವು ಎಂಬಂತೆ ಅವೆಲ್ಲವೂ ಆ ಮೂಲದಿಂದಲೇ ಚಿತ್ರವನ್ನು ಸೇದಿಕೊಳ್ಳುತ್ತಿದ್ದವು. ಮೂಲದಲ್ಲಿ ಒಂದು ಕೂದಲೆಳೆ ಅಲುಗಿದರೆ ಊರೂರಿನ ಗೋಡೆಗಳಲ್ಲಿ ಆ ಎಳೆ ಅಲುಗುತ್ತಿತ್ತು.

ಇದರ ಬೆನ್ನಿಗೇ ಮಸುಕಿನ ಹಕ್ಕು ಬಂತು. ಚಿತ್ರದಲ್ಲಿರುವ ಯಾರೇ ಆಗಲಿ, ಬದುಕಿರುವಾಗ ಅರ್ಜಿ ಕೊಟ್ಟು ತನ್ನ ಮುಖವನ್ನು ಮಸುಕು ಮಾಡಿಸಿಕೊಳ್ಳಬಹುದು. ಆ ಕೆಲಸ ಮಾಡುವವರಲ್ಲಿ ಕಸ್ತೂರಿಯ ಕೈಗೆ ಹೆಸರಿತ್ತು. ಮುಖವೊಂದನ್ನು ಗುರುತಿಸಿ ಅದರ ಹಣೆಯ ನಡುವೆ ಮೊಳೆ ಎಂಬ ಕೆಂಪು ಚುಕ್ಕೆ ನೆಡುವುದು ಯಂತ್ರದ ಕೆಲಸ. ಮೊಳೆಯ ಸುತ್ತ ಎರಡು ಬಳೆಗಳು ಮೂಡುತ್ತವೆ. ಒಳಬಳೆಯೊಳಗೆ ಮಸುಕು ಪೂರ್ತಿ. ಒಳಬಳೆಯಿಂದ ಹೊರಬಳೆಗೆ ಬರುವಷ್ಟರಲ್ಲಿ ಅದು ಕರಗುತ್ತ ಕರಗುತ್ತ ಇಲ್ಲವಾಗಬೇಕು. ಬಳೆಗಳನ್ನು ಹಿಗ್ಗಿಸಿ ಕುಗ್ಗಿಸಿ, ಪಕ್ಕದವರ ಭುಜಕ್ಕೆ, ಹಿಂದಿನ ಗೋಡೆಗೆ ಮಸುಕು ತಾಗದಂತೆ ಕೂಡಿಸುವುದು ಕೈಯ ಕೆಲಸ. ಕೊನೆಗೆ ಒಂದು ದೀಪ ಇಡಬೇಕು. ದೀಪವೆಂದರೆ ಚಿತ್ರದೊಳಗೆ ಇಡುವ ಬೆಳಕಿನ ಬಿಂದು. ಉಳಿದವರ ಮೇಲೆ ಬೆಳಕು ಯಾವ ಕಡೆಯಿಂದ ಬಿದ್ದಿದೆಯೋ ಅದಕ್ಕೆ ಹೊಂದುವಂತೆ ಅದನ್ನು ಇಡದಿದ್ದರೆ ಮಸುಕಾದ ಜಾಗ ಗೋಡೆಗೆ ಬಡಿದ ತೂತಿನಂತೆ ಕಾಣುತ್ತದೆ. ಕಸ್ತೂರಿ ಇಟ್ಟ ದೀಪಗಳಿಗೆ ಅಂಥ ದೋಷ ಬಂದದ್ದಿಲ್ಲ.

ಭಂಡಾರದಲ್ಲಿ ಎರಡು ಕಟ್ಟುಪಾಡುಗಳಿದ್ದವು. ಅನ್ಯರ ಮನೆಯ ಚಿತ್ರವನ್ನು ಇಡಿಯಾಗಿ ನೋಡಬಾರದೆಂದು ಕೆಲಸದವರಿಗೆ ಒಂದು ಕಿಂಡಿಯಷ್ಟೇ ತೆರೆಯುತ್ತಿತ್ತು. ಅಂಗೈಯಗಲದ ಆ ಕಿಂಡಿಯಲ್ಲಿ ಹಣೆಯೋ ಕೆನ್ನೆಯೋ ಕಾಣಬೇಕು, ಅಷ್ಟೆ. ಇನ್ನೊಂದು, ಮಸುಕನ್ನು ಯಾರೂ ಹಿಂದೆಗೆಯಲಾಗಬಾರದು. ಅದಕ್ಕಾಗಿ ಯಂತ್ರವು ಪ್ರತಿ ಸಲವೂ ಬೇರೊಂದು ಬಗೆಯಲ್ಲಿ ಚಿತ್ರದ ಕಣಗಳನ್ನು ಎರಚುತ್ತಿತ್ತು, ಎರಚಿದ ಬಗೆಯನ್ನು ಆ ಕ್ಷಣವೇ ಮರೆತುಬಿಡುತ್ತಿತ್ತು.

ಹೀಗಿರಲು ಒಂದು ದಿನ ಕಸ್ತೂರಿಯ ಪರದೆಗೆ ಒಬ್ಬ ಸಂನ್ಯಾಸಿಯ ಅರ್ಜಿ ಬಂತು. ಪೂರ್ವಾಶ್ರಮದಲ್ಲಿ ಮಲಕಾಜಪ್ಪ ಎಂದಿದ್ದವರು, ಈಗ ಗುಡ್ಡದ ಮಠವೊಂದರಲ್ಲಿದ್ದರು. ಮನೆ, ಹೊಲ, ಹೆಸರು ಬಿಟ್ಟಾಗಿತ್ತು. ಉಳಿದದ್ದು ಹಳೆಯ ಮುಖ. ಅವರಿದ್ದದ್ದು ಒಂದೇ ಚಿತ್ರ. ಆ ಚಿತ್ರವನ್ನು ಪ್ರತಿ ತೆಗೆಯುವ ವೇಳೆಗೇ ಅದರ ಬಣ್ಣವೆಲ್ಲ ಮಾಸಿ ಗೋದಿಯ ಛಾಯೆಗೆ ತಿರುಗಿತ್ತು.

ಕಿಂಡಿ ತೆರೆಯಿತು. ಗೋದಿಬಣ್ಣದ ಒಂದು ಹಣೆ, ಹಣೆಯ ನಡುವೆ ಕೆಂಪು ಚುಕ್ಕೆ. ಕಸ್ತೂರಿ ಚುಕ್ಕೆಯನ್ನು ಒತ್ತಿ ಹಿಡಿದಳು; ಬಳೆಗಳು ಮೂಡಿದವು. ಮುಖದ ಅಂಚನ್ನು ಬೆರಳಲ್ಲಿ ತಡವಿದಂತೆ ತಡವಿ ಬಳೆಗಳನ್ನು ಕೂಡಿಸಿದಳು. ಎಡಗಡೆಯಿಂದ ಬೆಳಕು ಬಂದಿದೆಯೆಂದು ಕಂಡು ಎಡಕ್ಕೊಂದು ದೀಪ ಇಟ್ಟಳು. ಮಸುಕು ಬಿತ್ತು. ಯಂತ್ರ ಮರೆಯಿತು. ಮಧ್ಯಾಹ್ನದ ಚಹಾ ಬರುವುದಕ್ಕೆ ಮುಂಚೆಯೇ ಅವಳೂ ಮರೆತಳು.

ಕೆಲವು ದಿನ ಕಳೆದ ಮೇಲೆ ಅಹವಾಲಿನ ಕೋಣೆಗೆ ಒಬ್ಬ ಮುದುಕಿ ಬಂದಳು. ಕೈಯಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಬೆಳಕಿನ ಚೌಕಟ್ಟು. ಹೆಸರು ಬಸಲಿಂಗವ್ವ. ಸಂನ್ಯಾಸಿಗಳಾದ ಮಲಕಾಜಪ್ಪನವರ ಪೂರ್ವಾಶ್ರಮದ ಹೆಂಡತಿ.

“ಇಲ್ಲಿ ಮಾರಿ ಅಳಸೋರು ಯಾರದೀರವಾ?” ಎಂದು ಬಾಗಿಲಲ್ಲೇ ಕೇಳಿದಳು.

ಕಸ್ತೂರಿ ಎದ್ದು ಬಂದಳು. “ನಾನ ರೀ, ಯವ್ವಾ. ಏನಾಗೇತಿ?”

ಮುದುಕಿ ಮೇಜಿನ ಮೇಲೆ ಚೌಕಟ್ಟನ್ನಿಟ್ಟು ಬಟ್ಟೆ ಸರಿಸಿದಳು. ಎಳೆಯ ಹುಡುಗಿಯೊಬ್ಬಳನ್ನು ಎತ್ತಿಕೊಂಡ ಗಂಡಸು. ಕೆನ್ನೆಗೆ ಕೆನ್ನೆ ತಾಗಿಸಿ ಇಬ್ಬರೂ ಕ್ಯಾಮೆರಾದ ಎದುರು. ಗಂಡಸಿನ ಮುಖದಲ್ಲಿ ಒಂದು ಮಗ್ಗುಲು ಅಷ್ಟೇ ಮಂಜು, ಉಳಿದದ್ದು ಹಾಗೆಯೇ ಇತ್ತು. ಹುಡುಗಿಯ ಕೊರಳ ಮೇಲೆ ಮುಖವೇ ಇರಲಿಲ್ಲ. ನಸುಗೆಂಪು ತಾಗಿದ ಒಂದು ಮಬ್ಬು, ಅದರ ಪಕ್ಕದಲ್ಲಿ ಅಚ್ಚುಕಟ್ಟಾಗಿ ಇಟ್ಟ ಒಂದು ದೀಪ.

“ಅಂವ ಬ್ಯಾಡ ಅಂದಿದ್ದು ಅವನ ಮಾರಿ. ನೀ ತಗದಿದ್ದು ನನ್ನ ಮಗಳ ಮಾರಿ,” ಎಂದಳು ಬಸಲಿಂಗವ್ವ. ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು. “ಬಿಟ್ಟು ಹ್ವಾದಾಂವ ಇಲ್ಲೇ ಹಲ್ಲ ಕಿಸದು ನಿಂತಾನ. ಸತ್ತು ಹ್ವಾದಾಕಿ ಇನ್ನೊಮ್ಮೆ ಹ್ವಾದಳು. ಚಂದ್ರಿದು ಇದೊಂದ ಫೋಟೊ ಇತ್ತವಾ. ಜ್ವರ ಬರೂಕಿಂತ ಮೊದ್ಲ ಸಂತ್ಯಾಗ ತಗಸಿದ್ದು.”

ಕಸ್ತೂರಿ ಚೌಕಟ್ಟಿನ ಮೇಲೆ ಬಾಗಿ ತಾನಿಟ್ಟ ದೀಪವನ್ನು ಗುರುತಿಸಿದಳು. ಮಾತು ಕೇಳಿ ಒಳಗಿನಿಂದ ಮೌಲಾಸಾಬ ನದಾಫರು ಬಂದರು. ಯಂತ್ರಗಳ ಮೇಲ್ವಿಚಾರಕರು, ಅವರು ಅವಸರಪಟ್ಟದ್ದನ್ನು ಯಾರೂ ಕಂಡಿರಲಿಲ್ಲ.

“ಯವ್ವಾ, ಮೊದ್ಲ ಒಂದೀಟು ಚಾ ಕುಡೀರಿ,” ಎಂದರು.

“ಚಾ ಕುಡದರ ಮಾರಿ ಬರತೈತೇನು?”

“ಬರೂದಿಲ್ಲ ಬಿಡ್ರಿ. ಆದ್ರ ನಮಗ ಬೈಯಾಕ ಗಂಟಲಿಗಿ ಬಲ ಬರತೈತಿ.”

ಮುದುಕಿ ಅವರನ್ನು ಒಂದು ಸಲ ನೋಡಿ ಕುಳಿತಳು. ಚಹಾ ಬಂತು, ಕುಡಿದಳು, ಆದರೆ ಬೈಯಲಿಲ್ಲ. ಮೌಲಾಸಾಬರು ಕಾಗದದ ಹಳೆಯ ಫೋಟೊ ಏನಾಯಿತೆಂದು ಕೇಳಿದರು.

“ಅದು ಗಾಜಿಗೆ ಹತ್ತಿ ಕುಂತಿತ್ತರೀ. ಕಿತ್ತರ ಹರಿತೈತಿ ಅಂತ ಇಲ್ಲಿಯವ್ರ ಗಾಜಿನ ಸಮೇತ ಪ್ರತಿ ತಗದ್ರು. ಆಮ್ಯಾಲೆ ಬೂಷ್ಟು ತಿಂತು. ಈಗ ಗಾಜಿನ ಹಿಂದ ಬರೇ ಬಿಳೀ ಕಾಗದ.”

ಮೌಲಾಸಾಬರು ಕೈಚೆಲ್ಲಿದರು. ಎರಚಿದ ಬಗೆ ತಿಳಿಯದೆ ಎರಚಿದ್ದನ್ನು ಕೂಡಿಸಲು ಬರುವುದಿಲ್ಲ. ಆ ಬಗೆ ಯಂತ್ರಕ್ಕೂ ಗೊತ್ತಿಲ್ಲ, ಭಂಡಾರಕ್ಕೂ ಗೊತ್ತಿಲ್ಲ. ಹಿಂದೆಗೆಯಲಾಗಬಾರದೆಂದೇ ಕಟ್ಟಿದ ಏರ್ಪಾಡು ಅದು. ಅವರು ಇದನ್ನು ಮುಚ್ಚುಮರೆಯಿಲ್ಲದೆ ಮುದುಕಿಗೆ ಹೇಳಿದರು. ಅವಳು ಚೌಕಟ್ಟನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದಳು, ಕೂಸಿಗೆ ಹೊದಿಸಿದ ಹಾಗೆ, ಮೇಲುಗಡೆ ಸ್ವಲ್ಪ ತೆರೆದು ಬಿಟ್ಟು.

“ನಾ ಮೊಳಿ ನೋಡೀನಿ ಸರ್,” ಎಂದಳು ಕಸ್ತೂರಿ, ಮುದುಕಿ ಹೋದ ಮೇಲೆ. “ಹಣಿ ಮ್ಯಾಲೆ ಕೆಂಪಗ ಇತ್ತು. ಯಂತ್ರ ತಪ್ಪಿ ಹುಡುಗಿಗೆ ನೆಟ್ಟಿರಬೇಕು.”

ಮೌಲಾಸಾಬರು ಆ ದಿನದ ಕೆಲಸದ ಬಗ್ಗೆ ಯಂತ್ರವನ್ನು ವಿಚಾರಿಸಿ ಬಂದರು. “ಯಂತ್ರ ಅವತ್ತು ಮೊಳೀನ ನೆಟ್ಟಿಲ್ಲ, ಕಸ್ತೂರವ್ವಾ. ಆ ಗಂಡಸಿನ ಮಾರಿ ಸೊಟ್ಟ ಆಗೇತಿ, ಗುರುತ ಹತ್ತಿಲ್ಲ ಅಂತ ಚಿತ್ರದ ನಡು ಭಾಗ ತೋರಿಸಿ ಸುಮ್ನ ಕುಂತೈತಿ. ನೀ ಒತ್ತಿದ ಮ್ಯಾಲೆನ ಮೊಳಿ ಬಿದ್ದದ್ದು.”

ಇಲ್ಲದ ಮೊಳೆ ಕಣ್ಣಿಗೆ ಕಂಡದ್ದು ಹೇಗೆ? ಕಸ್ತೂರಿ ಅದನ್ನೇ ಹೊತ್ತು ಮನೆಗೆ ಹೋದಳು.

ಮರುದಿನ ಶುಕ್ರವಾರ. ಬೆಳಿಗ್ಗೆ ಅತ್ತೆ ನೀಲಮ್ಮ ತಲೆಗೆ ನೀರು ಹಾಕಿಕೊಂಡು ಬಂದು ಗೋಡೆಯ ಚೌಕಟ್ಟಿನ ಮುಂದೆ ನಿಂತಿದ್ದರು. ಚೌಕಟ್ಟಿನಲ್ಲಿ ಕಸ್ತೂರಿಯ ಮಾವ, ಅವರ ಪಕ್ಕದಲ್ಲಿ ಅವರ ತಮ್ಮ. ಮಾವ ತೀರಿಕೊಂಡು ಬಹಳ ಕಾಲವಾಗಿತ್ತು. ಚಿತ್ರ ಬೆಳಕಿನದಾದರೂ ಮೇಲೆ ಗಾಜಿತ್ತು, ಗಾಜಿದ್ದ ಮೇಲೆ ಪೂಜೆಯೂ ಇತ್ತು. ನಿಂತ ಗಾಜಿನ ಮೇಲೆ ಬರಿಯ ಕುಂಕುಮ ನಿಲ್ಲುವುದಿಲ್ಲವೆಂದು ನೀಲಮ್ಮ ಮೊದಲು ಒಂದು ಕಾಳಿನಷ್ಟು ಜೇನುಮೇಣವನ್ನು ಬೆರಳಲ್ಲಿ ಮಿದ್ದು ಒತ್ತುವರು, ಮೇಲೆ ಕುಂಕುಮ ಹಚ್ಚುವರು.

“ಕಸ್ತೂರಿ, ಹಣೀ ನಡುವ ಬಂತೇನ ನೋಡವಾ. ನನ್ನ ಕಣ್ಣು ಮಂಜ.”

“ಒಂದು ಎಳಿ ಎಡಕ್ಕ, ಅತ್ತಿ. ಹಾಂ, ಅಲ್ಲೇ.”

“ನಿನಗ ಆಫೀಸಿನ್ಯಾಗೂ ಇದ ಕೆಲಸ, ಮನ್ಯಾಗೂ ಇದ.” ನೀಲಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡರು. ಕುಂಕುಮದ ಬಟ್ಟಲು ಇನ್ನೂ ಕೈಯಲ್ಲಿತ್ತು. ಚಿತ್ರದಲ್ಲಿ ತಮ್ಮನ ಹಣೆ ಬರಿದಾಗಿತ್ತು. ಅವರ ದೃಷ್ಟಿ ಅತ್ತ ಹೋದದ್ದನ್ನು ಕಂಡು ಕಸ್ತೂರಿ ನಕ್ಕಳು: “ಕಾಕಾಗೂ ಒಂದು ಹಚ್ಚಿಬಿಡ್ರಿ.”

“ಬಿಡ್ತು ಅನ್ನು. ಸತ್ತೋರ ಫೋಟೊಕ್ಕ ಹಚ್ಚೂದು ಅದು. ನಿಮ್ಮ ಕಾಕಾ ಕಲ್ಲಿನಂಗ ಅದಾನ. ಗೊತ್ತಾದ್ರ ಕೋಲು ತಗೊಂಡು ಬರತಾನ.”

ಕಸ್ತೂರಿಯ ನಗೆ ಅರ್ಧಕ್ಕೆ ನಿಂತಿತು. ಮಾಸಿದ ಚಿತ್ರ. ಇಬ್ಬರು ಮನುಷ್ಯರು. ಒಬ್ಬರ ಹಣೆಯ ನಡುವೆ ಮಾತ್ರ ಕೆಂಪು ಚುಕ್ಕೆ. ಅವಳು ಅಂಗೈಯನ್ನು ಕಿಂಡಿಯಂತೆ ಮಡಿಸಿ, ಅದರೊಳಗಿಂದ ಮಾವನ ಹಣೆಯನ್ನು ನೋಡಿದಳು. ಹಣೆ, ಕೆಂಪು, ಮತ್ತೇನೂ ಇಲ್ಲ. ಇದು ಮೊಳೆಯಲ್ಲವೆಂದು ಆ ಕಿಂಡಿಯೊಳಗಿಂದ ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ.

“ಏನಾತವಾ?”

“ಏನಿಲ್ಲತ್ತಿ. ನಾ ಇವತ್ತ ಲಗೂನ ಹೋಗಬೇಕು.”

ಭಂಡಾರಕ್ಕೆ ಹೋಗುವ ದಾರಿಯಲ್ಲಿ, ಹಿನ್ನೀರಿನ ಏರಿಯ ಮೇಲೆ ಯಾರೋ ಪಾರಿವಾಳಗಳಿಗೆ ಜೋಳ ಎರಚುತ್ತಿದ್ದರು. ಕಸ್ತೂರಿ ಅಲ್ಲಿ ಎಷ್ಟು ಹೊತ್ತು ನಿಂತಳೆಂಬುದನ್ನು ಒಬ್ಬೊಬ್ಬರು ಒಂದೊಂದು ತೆರ ಹೇಳುತ್ತಾರೆ. ನಿಂತದ್ದಂತೂ ನಿಜ, ಏಕೆಂದರೆ ಮೌಲಾಸಾಬರ ಮುಂದೆ ಅವಳು ಮಾತು ತೆಗೆದದ್ದೇ ಜೋಳದಿಂದ.

“ಸರ್, ಒಬ್ಬಾಕಿ ಮುಷ್ಟಿ ಮುಷ್ಟಿ ಜೋಳ ಎರಚ್ಯಾಳ ಅಂತ ತಿಳೀರಿ. ಎಲ್ಲಾ ಮುಷ್ಟೀನೂ ಒಂದ ಕೈ, ಒಂದ ಬೀಸು. ಕಾಳೆಲ್ಲ ಕಲತಾವ. ಯಾವ ಕಾಳು ಯಾವ ಮುಷ್ಟೀದು ಅಂತ ಹೇಳಾಕ ಬರೂದಿಲ್ಲ.”

“ಬರೂದಿಲ್ಲ.”

“ಅದರಾಗ ಒಂದ ಒಂದು ಮುಷ್ಟಿ ಕಾಳಿಗೆ ಕೆಂಪು ಬಣ್ಣ ಹಚ್ಚಿದ್ರು ಅಂದ್ರ?”

ಮೌಲಾಸಾಬರು ಕನ್ನಡಕ ತೆಗೆದರು. “ಕೆಂಪು ಕಾಳು ಎಲ್ಲೆಲ್ಲಿ ಬಿದ್ದಾವು ಅಂತ ನೋಡಿದ್ರ ಆ ಕೈ ಬೀಸು ತಿಳೀತೈತಿ. ಬೀಸು ತಿಳದ್ರ ಉಳಿದ ಮುಷ್ಟಿಗೋಳನ್ನೂ ತಿರುಗಿ ಕೂಡಸಬಹುದು.” ಅವರು ಕನ್ನಡಕ ಮತ್ತೆ ಏರಿಸಿದರು. “ಆದ್ರ ಮಾರ್ಯಾಗ ಅಂಥಾ ಕಾಳು ಎಲ್ಲೀದು?”

“ಸತ್ತ ಹುಡುಗಿ ಹಣೀಮ್ಯಾಲೆ ಕುಂಕುಮ ಐತ್ರೀ. ಗಾಜಿನ ಸಮೇತ ಪ್ರತಿ ತಗದಾರಲ್ಲ. ನಾ ಮೊಳಿ ಅಂತ ಒತ್ತಿದ್ದು ಅದನ್ನ. ಆ ಚಿತ್ರದಾಗ ಬ್ಯಾರೆ ಕೆಂಪ ಇಲ್ಲ. ಮಬ್ಬಿನ್ಯಾಗ ಇರೂ ನಸುಗೆಂಪು ಎಲ್ಲಾ ಆ ಒಂದು ಬೊಟ್ಟಿನದು.”

ಮೌಲಾಸಾಬರು ಆ ಚಿತ್ರವನ್ನು ಪರದೆಗೆ ತಂದರು. ಕೆಂಪನ್ನು ಉಳಿದ ಬಣ್ಣಗಳಿಂದ ಬೇರ್ಪಡಿಸಿದರು. ಹಳೆಯ ಕೌದಿಯ ಮೇಲಿನ ಹೊಲಿಗೆಯಂತೆ, ಕ್ರಮವಿಲ್ಲವೆನಿಸಿದರೂ ಒಂದೇ ಕೈಯದೆಂದು ತಿಳಿಯುವ ಒಂದು ಹರಹು ಅಲ್ಲಿತ್ತು.

“ಎರಚಿದ ಮ್ಯಾಲಿನ ಬೊಟ್ಟು ಸಿಕ್ತು,” ಎಂದರು. “ಎರಚೂಕ ಮೊದಲಿನ ಬೊಟ್ಟು ಬೇಕಲ್ಲ. ಎಷ್ಟು ದೊಡ್ಡದು, ದುಂಡಗೋ ಉದ್ದಕೋ, ಅಂಚು ಹೆಂಗಿತ್ತು. ಒಂದು ಎಳಿ ತಪ್ಪಿದ್ರ ಹುಡುಗಿ ಮಾರಿ ಬ್ಯಾರೆ ಯಾರದೋ ಮಾರಿ ಆಗತೈತಿ. ಅದು ಇದಕ್ಕಿಂತ ಕೆಟ್ಟ.”

ಬೂಷ್ಟು ಕಾಗದವನ್ನು ತಿಂದಿತ್ತು; ಗಾಜಿನ ಹೊರಮೈಯ ಮೇಣವನ್ನು ತಿನ್ನಲಾರದು. ಕಸ್ತೂರಿ ಅದೇ ಗಳಿಗೆ ಬಸಲಿಂಗವ್ವನ ಮನೆಗೆ ಹೊರಟಳು.

ಮನೆ ಹಳೆಯ ಊರಿನಲ್ಲಿ, ಹಿನ್ನೀರಿನಲ್ಲಿ ಮುಳುಗದೆ ಉಳಿದ ಕೊನೆಯ ಓಣಿಯಲ್ಲಿತ್ತು. ಬಸಲಿಂಗವ್ವ ಹೊಸ್ತಿಲ ಹತ್ತಿರ ಕುಳಿತು ಹಳೆಯ ಮರದ ಚೌಕಟ್ಟೊಂದಕ್ಕೆ ಅರಿಸಿನದ ಬಟ್ಟೆ ಸುತ್ತುತ್ತಿದ್ದಳು. ಪಕ್ಕದಲ್ಲಿ ಒಂದು ಹಿಡಿ ಹೂವು.

“ಎಲ್ಲಿಗಿ ಹೊಂಟೀರಿ, ಯವ್ವಾ?”

“ಹೊಳಿಗೆ. ಕುಂಕುಮ ಹಚ್ಚಿದ್ದನ್ನ ತಿಪ್ಪಿಗೆ ಒಗ್ಯಾಕ ಬರೂದಿಲ್ಲ. ಗೋಡಿ ಮ್ಯಾಲಿನಾಕಿ ಇದ್ಲು ಅಂತ ಇದನ್ನ ಹಂಗ ಇಟ್ಟಿದ್ದೆ. ಇನ್ನ ಯಾವ ಆಸೇಕ್ಕ?”

ಕಸ್ತೂರಿ ನೆಲದ ಮೇಲೆ ಅವಳ ಎದುರಿಗೆ ಕುಳಿತಳು. “ತಪ್ಪು ಯಂತ್ರದ್ದಲ್ಲ, ನಂದು. ನೀವು ಹಚ್ಚಿದ ಬೊಟ್ಟನ್ನ ನಾ ಮೊಳಿ ಅಂತ ತಿಳದೆ.”

ಮುದುಕಿಯ ಕೈ ನಿಂತಿತು. “ಅಂದ್ರ ನಾ ಹಚ್ಚಿದ ಕುಂಕುಮನ ಅಕೀನ ಅಳಸಿತು ಅಂತೀಯೇನು?”

“ಹೌದ್ರಿ. ಈಗ ಅದ ಹೋಗಿ ಅಕೀನ ಕರಕೊಂಡು ಬರಬೇಕು.”

ಬಸಲಿಂಗವ್ವ ಅರಿಸಿನದ ಬಟ್ಟೆಯನ್ನು ಸುತ್ತು ಸುತ್ತಾಗಿ ಬಿಚ್ಚಿದಳು. ಗಾಜಿನ ಹಿಂದೆ ಸುಣ್ಣದಂತೆ ಬಿಳುಪೇರಿದ ಕಾಗದ. ಗಾಜಿನ ಮೇಲೆ, ಯಾರ ಹಣೆಯೂ ಇಲ್ಲದ ಕಡೆ, ಗಟ್ಟಿಯಾದ ಕೆಂಪು ಬೊಟ್ಟು. ಒಂದು ಅಂಚಿನಲ್ಲಿ ಬೆರಳ ಗೆರೆಗಳು ಕೂಡ ಮೂಡಿದ್ದವು.

“ನನ್ನ ಉಂಗುರಬೆರಳಿಂದು,” ಎಂದಳು. “ಒಮ್ಮಿ ಹಚ್ಚಿದ್ದು ಬಿದ್ದಿಲ್ಲಂತ ಮತ್ತ ಹಚ್ಚಿಲ್ಲ. ತಗೊಂಡು ಹೋಗತೀನಿ ಅನಬ್ಯಾಡ. ಇದನ್ನ ನಾ ಹಿಡಕೊಂಡು ಬರತೀನಿ.”

ಇನ್ನೊಂದು ತೊಡಕು ಉಳಿದಿತ್ತು. ಮಬ್ಬು ಕೂಡಿದರೆ ಮಗಳ ಮುಖದ ಜೊತೆಗೆ ಸಂನ್ಯಾಸಿಗಳ ಮುಖದ ಮಂಜಾದ ಮಗ್ಗುಲೂ ಕೂಡುತ್ತದೆ. ಅರ್ಜಿ ಕೊಟ್ಟವರು ಒಪ್ಪದೆ ಅದನ್ನು ಮುಟ್ಟುವಂತಿರಲಿಲ್ಲ. ಮಠಕ್ಕೆ ಸುದ್ದಿ ಹೋಯಿತು. ಒಪ್ಪಿಗೆಯ ಮಾತು ಬರಬಹುದೆಂದು ಕಾದಿದ್ದರೆ ಸ್ವಾಮಿಗಳೇ ಬಂದರು. ಕುದುರೆಯ ಮಾತು ಹೇಗೋ ಇರಲಿ, ಬಹು ಮಂದಿ ಹೇಳುವುದು ಗುಳೇದಗುಡ್ಡದ ಬಸ್ಸಿನಲ್ಲಿ ಬಂದರೆಂದೇ. ತೆಳ್ಳನೆಯ ಮೈ, ಕಾವಿ, ಬಿಳಿಯ ಗಡ್ಡ.

ನಿಯಂತ್ರಣದ ಕೋಣೆಯಲ್ಲಿ ಬಸಲಿಂಗವ್ವ ಹಳೆಯ ಚೌಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಆಗಲೇ ಕುಳಿತಿದ್ದಳು. ಸ್ವಾಮಿಗಳು ಕೈಮುಗಿದರು.

“ಶರಣು, ತಾಯಿ.”

“ತಾಯಿ ನಾ ಅಕೀಗೆ. ನಿಮಗಲ್ಲ. ಕುಂದರ್ರಿ ಅಜ್ಜಾರ.”

ಸ್ವಾಮಿಗಳು ಕುಳಿತರು. ಮೌಲಾಸಾಬರು ಒಪ್ಪಿಗೆ ಕೇಳಿದರು, ಅವರು ತಲೆಯಾಡಿಸಿ, “ನನ್ನ ಮಾರಿ ನಾಕು ಗಳಿಗಿ ಕಂಡರ ಪ್ರಳಯ ಆಗೂದಿಲ್ಲ. ಕೂಸಿಂದು ಬರಲಿ,” ಎಂದರು.

ಗಾಜಿನ ಮೇಲಿನ ಬೊಟ್ಟನ್ನು ಅಳೆದರು. ಅಂಚು, ದಪ್ಪ, ಬೆರಳ ಗೆರೆ ಎಲ್ಲವೂ ಯಂತ್ರಕ್ಕೆ ಹೋದವು. ಎರಚುವ ಮುಂಚಿನ ಬೊಟ್ಟು ಒಂದು ಕಡೆ, ಎರಚಿದ ಮೇಲಿನ ಕೆಂಪು ಇನ್ನೊಂದು ಕಡೆ. ಇವೆರಡರ ನಡುವೆ ಇದ್ದ ಬೀಸನ್ನು ಯಂತ್ರ ತಡವಿ ತಡವಿ ಕಂಡುಕೊಂಡಿತು. ಆ ದಿನ ಕಿಂಡಿಯ ಕಟ್ಟುಪಾಡನ್ನು ಮೌಲಾಸಾಬರು ತಮ್ಮ ಹೊಣೆಯ ಮೇಲೆ ಸಡಿಲಿಸಿದ್ದರು. ಪರದೆಯ ಮೇಲೆ ಇಡೀ ಚಿತ್ರವಿತ್ತು.

ಮೊದಲು ನಸುಗೆಂಪು ಸುತ್ತಿನಿಂದ ಒಳಕ್ಕೆ ಸರಿಯಿತು. ಸಂಜೆ ಹಕ್ಕಿಗಳು ಗಿಡಕ್ಕೆ ಬಂದ ಹಾಗೆ ಬಂದು ಬಂದು ಸೇರಿ, ಒಂದು ಬೊಟ್ಟಾಗಿ ನಿಂತಿತು. ಅದರ ಸುತ್ತ ಹಣೆ ಬಂತು. ಹಣೆಯ ಕೆಳಗೆ ಬಿಗಿಯಾಗಿ ಮುಚ್ಚಿದ ಎರಡು ಕಣ್ಣು. ಫ್ಲಾಷಿಗೆ ಹೆದರಿದ ಕೂಸಿನ ಕಣ್ಣು. ಆಮೇಲೆ ಮೂಗು, ಅಳಲೋ ಬೇಡವೋ ಎಂದು ತೆರೆದ ಬಾಯಿ.

“ಹಲ್ಲು,” ಎಂದಳು ಬಸಲಿಂಗವ್ವ ಮೆಲ್ಲಗೆ. “ಮುಂದಿನ ಹಲ್ಲು ಮುಕ್ಕ ಆಗಿತ್ತು. ನೋಡ್ರಿ, ಐತಿ.” ಬೇರೆ ಯಾರ ಮುಖವೂ ಅಲ್ಲವೆಂಬುದಕ್ಕೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ.

ಮಗಳ ಪಕ್ಕದಲ್ಲಿ ಹರೆಯದ ಮಲಕಾಜಪ್ಪನ ಮುಖವೂ ತುಂಬಿಕೊಂಡಿತು. ಆ ಮುಖ ಸೊಟ್ಟಗಿದ್ದದ್ದು ಏಕೆಂದು ಆಗ ಎಲ್ಲರಿಗೂ ತಿಳಿಯಿತು. ಹೆದರಿದ ಹುಡುಗಿ ತಂದೆಯ ಕಿವಿಯನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗಿದ್ದಳು. ಅವನು ನೋವಿಗೆ ಮುಖ ಕಿವುಚಿ, ಅದರೊಳಗೇ ನಗುತ್ತಿದ್ದ.

ಸ್ವಾಮಿಗಳು ಪರದೆಯನ್ನು ನೋಡಿದರು, ಕಣ್ಣು ತಗ್ಗಿಸಿದರು. “ಆತು. ಇನ್ನ ನಂದು ಅಳಸ್ರಿ.”

ಕಸ್ತೂರಿ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. ಈ ಸಲ ಮೊಳೆಯನ್ನು ತಾನೇ ನೆಟ್ಟಳು, ತಂದೆಯ ಹುಬ್ಬುಗಳ ನಡುವೆ. ಒಳಬಳೆಯನ್ನು ಗಲ್ಲದವರೆಗೆ ಇಳಿಸಿದಳು. ಮಗಳ ಕೆನ್ನೆ ತಾಗುವ ಕಡೆ ಎರಡೂ ಬಳೆಗಳನ್ನು ಒಳಕ್ಕೆ ಒತ್ತಿ, ಎಳೆಯಷ್ಟು ಜಾಗದಲ್ಲಿ ಮಸುಕು ಕರಗಿಹೋಗುವಂತೆ ಮಾಡಿದಳು. ಕಿವಿಯ ಬಳಿಗೆ ಬಂದಾಗ ಅವಳ ಕೈ ನಿಂತಿತು. ಬಳೆಯನ್ನು ಹಾಗೇ ಬಿಟ್ಟರೆ ಕಿವಿಯ ಜೊತೆಗೆ ಕೂಸಿನ ಬೆರಳುಗಳೂ ಮಂಜಾಗುತ್ತವೆ. ಬೆರಳುಗಳನ್ನಷ್ಟೇ ಉಳಿಸಿದರೆ ಮುಷ್ಟಿ ಮಂಜನ್ನು ಹಿಡಿದಂತಾಗುತ್ತದೆ.

“ಅಜ್ಜಾರ,” ಎಂದಳು. “ಬೆರಳು ಉಳಸ್ತೀನಿ. ಕಿವಿ ನಿಮ್ಮದು, ಅರ್ಜ್ಯಾಗ ಅದೂ ಬರತೈತಿ. ಏನ ಮಾಡ್ಲಿ?”

ಸ್ವಾಮಿಗಳ ಕೈ ತಾನಾಗಿ ಮೇಲೆದ್ದು ಎಡಗಿವಿಯನ್ನು ಮುಟ್ಟಿತು.

ಬಸಲಿಂಗವ್ವ ಅವರತ್ತ ತಿರುಗದೆ, ಪರದೆಗೆ ಹೇಳಿದಳು: “ಸಂಜೀತನಕ ಕೆಂಪಗ ಇತ್ತು ಅವತ್ತು ಆ ಕಿವಿ.”

“ಉಗುರು ಬಾಳ ಚೂಪ ಇದ್ವು,” ಎಂದರು ಸ್ವಾಮಿಗಳು.

“ಕತ್ತರಸಬೇಕಂತ ಮಾಡಿದ್ದೆ. ಸಂತೀ ಗದ್ದಲದಾಗ ಮರತೆ.”

“ನೀ ಅವತ್ತ ಅಕೀನ ಬೈದಿ. ನಾ ಬ್ಯಾಡ ಅಂದೆ.”

“ಅಂದ್ರಿ.”

ಅವರು ಇಷ್ಟು ಮಾತಾಡಿ ಎಷ್ಟು ವರ್ಷಗಳಾಗಿದ್ದವೋ. ಕಸ್ತೂರಿ ಬಳೆಯ ಮೇಲೆ ಇಟ್ಟ ಬೆರಳನ್ನು ಅಲುಗಿಸಲಿಲ್ಲ. ಮೌಲಾಸಾಬರು ಕಿಟಕಿಯಾಚೆ ನೋಡುತ್ತಿದ್ದರು.

ಸ್ವಾಮಿಗಳು ಕೈಯನ್ನು ಮಡಿಲಿಗೆ ಇಳಿಸಿದರು. “ಮಾರಿ ನಂದಿತ್ತು, ಬಿಟ್ಟೆ. ಈ ಕಿವಿ ಅವತ್ತ ಅಕೀ ಕೈಗೆ ಹೋಗೇತಿ. ಅಕಿ ಹಿಡಕೊಂಡಿದ್ದನ್ನ ಕಸಗೋರಿ ಅನ್ನಾಕ ನಾ ಯಾರು? ಇರಲಿ ಬಿಡ್ರಿ.”

ಕಸ್ತೂರಿ ಬಳೆಯನ್ನು ಕಿವಿಯ ಬುಡದವರೆಗೆ ಒತ್ತಿದಳು. ಮಸುಕು ಬಿತ್ತು. ಯಂತ್ರ ಮರೆಯಿತು. ಇನ್ನು ದೀಪ. ಮೊದಲ ಸಲ ಎಡಕ್ಕೆ ಇಟ್ಟದ್ದು ತಪ್ಪೇನಲ್ಲ, ಸಂತೆಯ ಬೆಳಕು ಬಂದದ್ದೇ ಎಡದಿಂದ. ಆದರೆ ಇಡೀ ಚಿತ್ರ ಕಂಡಾಗ ಇನ್ನೊಂದು ಕಂಡಿತು: ತಂದೆಯ ಕೆನ್ನೆಗೆ ಬಡಿದ ಬಿಸಿಲು ತಿರುಗಿ ಮಗಳ ಕೆನ್ನೆಯ ಮೇಲೆ ತೆಳುವಾಗಿ ಬಿದ್ದಿತ್ತು. ಆ ಮರುಬೆಳಕು ಎಲ್ಲಿಂದ ಹೊರಟಿತ್ತೋ ಆ ಬಿಂದುವನ್ನು ಹುಡುಕಿ, ಮುಖವಿದ್ದ ಕಡೆ, ಅಷ್ಟೇ ಸಣ್ಣ ದೀಪವನ್ನು ಇಟ್ಟಳು.

ಅದೇ ಕ್ಷಣದಲ್ಲಿ ಬಸಲಿಂಗವ್ವನ ಮನೆಯ ಗೋಡೆಯ ಮೇಲೂ ಚಿತ್ರ ಬದಲಾಯಿತು. ಅದನ್ನು ಕಂಡವರು ಹೇಳುವುದು ಹೀಗೆ: ಹಣೆಗೆ ಕುಂಕುಮವಿಟ್ಟ ಒಂದು ಕೂಸು, ಕಣ್ಣು ಬಿಗಿದು ಮುಚ್ಚಿಕೊಂಡು, ಬೆಳಕೊಂದರ ಕಿವಿ ಹಿಡಿದು ಜಗ್ಗುತ್ತಿದೆ.

ಸ್ವಾಮಿಗಳು ಎದ್ದು, ಎಲ್ಲರಿಗೂ ಕೈಮುಗಿದು ಹೊರಟರು. ಬಾಗಿಲಲ್ಲಿ ಬಸಲಿಂಗವ್ವ, “ಅಜ್ಜಾರ, ಬಸ್ಸು ತಡ ಐತಿ. ಚಾ ಕುಡದು ಹೋಗ್ರಿ,” ಎಂದಳು. ಕುಡಿದು ಹೋದರೆಂದು ಬಹಳ ಮಂದಿ ಹೇಳುತ್ತಾರೆ.

ಹಳೆಯ ಚೌಕಟ್ಟು ಹೊಳೆಗೆ ಹೋಗಲಿಲ್ಲ. ಮುದುಕಿ ಅದನ್ನು ಬಗಲಲ್ಲಿ ಇಟ್ಟುಕೊಂಡು ಹೊರಡುವಾಗ ಕಸ್ತೂರಿಯ ಪರದೆಯ ಮುಂದೆ ನಿಂತಳು. ಮುಂದಿನ ಅರ್ಜಿಯ ಕಿಂಡಿ ತೆರೆದಿತ್ತು; ಯಾರದೋ ಹಣೆಯ ನಡುವೆ ಕೆಂಪು ಮೊಳೆ.

“ಇದನ್ನ ಬ್ಯಾರೆ ಬಣ್ಣ ಮಾಡ್ರಿ, ತಂಗಿ,” ಎಂದಳು. “ಹಣೀಮ್ಯಾಲಿನ ಕೆಂಪು ನಮ್ಮದು.”

ಮೌಲಾಸಾಬರು ಆಗಿಂದಾಗಲೇ ಅದನ್ನು ನೀಲಿ ಮಾಡಿದರು. ಮೇಲಿನವರ ಅಪ್ಪಣೆ ಬಹಳ ಕಾಲದ ಮೇಲೆ ಬಂತು. ಅಷ್ಟರಲ್ಲಿ ಈ ಕಥೆ ಕೇಳುವವರೂ ಹೇಳುವವರೂ ಹುಟ್ಟಿಕೊಂಡಿದ್ದರು.

ಹೇಳಿ ಮುಗಿಸಿದವರು ಕುರ್ಚಿಯನ್ನು ಮತ್ತೆ ತಮ್ಮ ಪರದೆಗೆ ತಿರುಗಿಸಿಕೊಳ್ಳುತ್ತಾರೆ. ಕೇಳಿದವರೂ ತಮ್ಮ ಕಿಂಡಿ ತೆರೆದು, ನೀಲಿ ಮೊಳೆಯ ಸುತ್ತ ಬಳೆಗಳನ್ನು ಕೂಡಿಸತೊಡಗುತ್ತಾರೆ. ಆದರೆ ಅದಕ್ಕೆ ಮುಂಚೆ, ತಮಗೇ ತಿಳಿಯದಂತೆ, ಒಮ್ಮೆ ತಮ್ಮ ಕಿವಿಯನ್ನು ಮುಟ್ಟಿ ನೋಡಿಕೊಳ್ಳುತ್ತಾರೆ.